ಬೂಷ್ಟು ಹಿಡಿದ ಮನೆ, ಬೈಸಿಕೊಂಡ ಬಾಡಿಗೆದಾರ

ಗ್ಲಾಸ್ಗೋ ನಗರದ ಗೋರ್ಬಲ್ಸ್ ಒಂದು ಕಾಲಕ್ಕೆ ಬ್ರಿಟನ್ನಿನ ಕುಖ್ಯಾತ ಕೊಳೆಗೇರಿ. ಅಲ್ಲಿನ ಹಳೇ ಕಟ್ಟಡಗಳನ್ನು ಕೆಡವಿದ ಜಾಗದಲ್ಲಿ 1970ರ ದಶಕದ ಆರಂಭಕ್ಕೆ ಹಚೆಸನ್‌ಟೌನ್ 'ಇ' ಎಂಬ ಹೊಸ ಬಡಾವಣೆ ಎದ್ದು ನಿಂತಿತು. ಎರಕ ಹೊಯ್ದ ಕಾಂಕ್ರೀಟ್ ಹಲಗೆಗಳನ್ನು ತಂದು ಜೋಡಿಸುವ ಆ ವಿಧಾನ ಫ್ರೆಂಚರದು. ಅಲ್ಜೀರಿಯಾದ ಬಿಸಿಲಿನಲ್ಲಿ ಬಳಕೆಯಾಗಿದ್ದದ್ದು. ಸ್ಕಾಟ್ಲೆಂಡಿನ ಮಳೆ, ಚಳಿಗೆ ಹೇಳಿಸಿದ್ದಲ್ಲ. ಬಿಸಿನೀರು, ಬಚ್ಚಲು ಎಲ್ಲ ಇರುವ ಮನೆ ಸಿಕ್ಕಿತೆಂದು ಹಿಗ್ಗಿದ ಕುಟುಂಬಗಳಿಗೆ ಕೆಲವೇ ವರ್ಷಗಳಲ್ಲಿ ಗೋಡೆಯ ಮೂಲೆಮೂಲೆಯಲ್ಲಿ ಕರಿ ಬೂಷ್ಟು ಕಾಣಿಸಿತು. ಜನ ಆ ಕಟ್ಟಡಗಳನ್ನು 'ಡ್ಯಾಂಪೀಸ್' ಎಂದೇ ಕರೆದರು.

ನಗರಸಭೆ ಕೊಟ್ಟ ಉತ್ತರ ಇಷ್ಟೇ: ಕಿಟಕಿ ತೆಗೆದಿಡಿ, ಮನೆ ಬೆಚ್ಚಗಿಟ್ಟುಕೊಳ್ಳಿ. ಕರೆಂಟಿನಲ್ಲೇ ಮನೆ ಕಾಯಿಸಬೇಕಿದ್ದ ಬಡವರಿಗೆ ಈ ಎರಡೂ ಮಾತು ಒಟ್ಟಿಗೆ ನಡೆಸುವಂಥದಾಗಿರಲಿಲ್ಲ. ಬಾಡಿಗೆದಾರರು ಸಂಘ ಕಟ್ಟಿದರು, ಬಾಡಿಗೆ ತಡೆಹಿಡಿದರು, ಕೋರ್ಟಿಗೂ ಹೋದರು. ಕೊನೆಗೆ 1987ರಲ್ಲಿ ನಗರಸಭೆ ತಾನೇ ಕಟ್ಟಿಸಿದ್ದನ್ನು ತಾನೇ ಕೆಡವಿತು. ಕಟ್ಟಡಗಳಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ.

ತೇವದ ಬಗ್ಗೆ ಬ್ರಿಟನ್ನಿಗೆ ತಿಳಿವಳಿಕೆ ಇರಲಿಲ್ಲವೆಂದಲ್ಲ. ಹತ್ತೊಂಬತ್ತನೇ ಶತಮಾನದ ಕೈಗಾರಿಕಾ ಊರುಗಳಲ್ಲಿ ಒಂದಕ್ಕೊಂದು ಬೆನ್ನು ಹಚ್ಚಿ ಕಟ್ಟಿದ ಬಾಡಿಗೆ ಮನೆಗಳ ಇಟ್ಟಿಗೆ ನೆಲದ ನೀರನ್ನು ಹೀರಿಕೊಳ್ಳುತ್ತಿತ್ತು. 1875ರ ಸಾರ್ವಜನಿಕ ಆರೋಗ್ಯ ಕಾಯ್ದೆಯ ಬೆನ್ನಲ್ಲೇ 1877ರಲ್ಲಿ ಮಾದರಿ ನಿಯಮಗಳು ಬಂದವು. ಗೋಡೆಯ ಬುಡದಲ್ಲಿ ಸ್ಲೇಟ್ ಕಲ್ಲು, ಡಾಂಬರಿನಂಥ ನೀರು ತಡೆಯುವ ಒಂದು ಪದರ ಇಡಬೇಕೆಂದವು. 1885ರಲ್ಲಿ ಇನ್ನೂ ದೊಡ್ಡ ಹೆಜ್ಜೆ: ಕಾರ್ಮಿಕರಿಗೆ ಬಾಡಿಗೆಗೆ ಕೊಡುವ ಮನೆ ವಾಸಕ್ಕೆ ಯೋಗ್ಯವಾಗಿರಲೇಬೇಕೆಂದು ಕಾನೂನೇ ಹೇಳಿತು.

ಆದರೆ ಆ ರಕ್ಷಣೆ ಸಿಗುತ್ತಿದ್ದದ್ದು ಇಂತಿಷ್ಟು ಬಾಡಿಗೆಯೊಳಗಿನ ಮನೆಗಳಿಗೆ ಮಾತ್ರ. 1957ರಲ್ಲಿ ಲಂಡನ್ನಿಗೆ ವರ್ಷಕ್ಕೆ 80 ಪೌಂಡ್, ಬೇರೆಡೆ 52 ಪೌಂಡ್ ಎಂದು ಗೊತ್ತುಮಾಡಿದ ಮಿತಿಯನ್ನು ಆಮೇಲೆ ಯಾರೂ ಏರಿಸಲಿಲ್ಲ. ಬಾಡಿಗೆ ಏರುತ್ತ ಹೋಯಿತು, ಕಾನೂನು ಪುಸ್ತಕದಲ್ಲಿ ಉಳಿಯಿತು, ಅದರೊಳಗೆ ಬರುವ ಮನೆ ಮಾತ್ರ ಹುಡುಕಿದರೂ ಸಿಗದಂತಾಯಿತು.

ಅಷ್ಟರಲ್ಲಿ ನೀರು ಬರುವ ದಾರಿಯೂ ಬದಲಾಗಿತ್ತು. ಕಲ್ಲಿದ್ದಲಿನ ಒಲೆ ಉರಿಯುವಾಗ ಚಿಮಣಿ ಮನೆಯೊಳಗಿನ ಹಸಿ ಗಾಳಿಯನ್ನು ಹೊರಗೆಳೆದು ಹಾಕುತ್ತಿತ್ತು. 1956ರ ಶುದ್ಧ ಗಾಳಿ ಕಾಯ್ದೆಯ ನಂತರ ಕಲ್ಲಿದ್ದಲು ಹಿಂದೆ ಸರಿಯಿತು, ಚಿಮಣಿಗಳ ಬಾಯಿ ಮುಚ್ಚಿತು. 1973ರ ತೈಲ ಬಿಕ್ಕಟ್ಟಿನ ಮೇಲೆ ಶಾಖ ಉಳಿಸಲೆಂದು ಕಿಟಕಿ ಸಂದುಗಳನ್ನೂ ಬಿಗಿ ಮಾಡಿದರು. ಅನ್ನ ಬೇಯುವ ಹಬೆ, ಒಣಗಲು ಹಾಕಿದ ಬಟ್ಟೆ, ಮಲಗಿದವರ ಉಸಿರು ಎಲ್ಲ ಒಳಗೇ ಉಳಿಯತೊಡಗಿತು. 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿ ಹೊರಬಲ್ಲದು. 10 ಡಿಗ್ರಿಗೆ ಇಳಿದರೆ 9 ಗ್ರಾಂ ಚಿಲ್ಲರೆ ಮಾತ್ರ. ಮಿಕ್ಕಿದ್ದು ತಣ್ಣನೆಯ ಗೋಡೆಯ ಮೇಲೆ ನೀರಾಗಿ ಇಳಿಯುತ್ತದೆ. ಬೂಷ್ಟಿಗೆ ಹನಿಗಟ್ಟುವಷ್ಟು ನೀರೂ ಬೇಡ. ಗೋಡೆಯ ಮೈಗೆ ತಾಗಿದ ಗಾಳಿಯ ತೇವಾಂಶ ಶೇ. 80ರ ಆಸುಪಾಸು ಕೆಲದಿನ ನಿಂತರೆ ಸಾಕು. ಹೊರಗೋಡೆಗೆ ಒತ್ತಿ ಇಟ್ಟ ಬೀರುವಿನ ಹಿಂದೆ, ಕಿಟಕಿ ಮೇಲಿನ ಕಾಂಕ್ರೀಟ್ ಲಿಂಟಲ್ ಮೇಲೆ ಅದು ಮೊದಲು ಕಾಣಿಸುವುದು ಇದೇ ಕಾರಣಕ್ಕೆ.

ಆ ಲಿಂಟಲ್ಲೇ ಒಮ್ಮೆ ನ್ಯಾಯಾಲಯದ ಮೆಟ್ಟಿಲೇರಿತು. ದಕ್ಷಿಣ ವೇಲ್ಸ್‌ನ ಟಾಫ್ ಈಲಿ ಸ್ಥಳೀಯ ಆಡಳಿತ ಬಾಡಿಗೆಗೆ ಕೊಟ್ಟಿದ್ದ ಮನೆಯೊಂದರಲ್ಲಿ ಕಿಟಕಿಗಳಿಗೆ ಲೋಹದ ಚೌಕಟ್ಟು, ಮೇಲೆ ಬೆತ್ತಲೆ ಕಾಂಕ್ರೀಟ್. ಗೋಡೆ ಬೆವರಿ ಬೆವರಿ ಹಾಸಿಗೆ, ಬಟ್ಟೆಬರೆ ಎಲ್ಲ ಕೊಳೆತುಹೋದವು. 1985ರಲ್ಲಿ ಮೇಲ್ಮನವಿ ನ್ಯಾಯಾಲಯ ಬಾಡಿಗೆದಾರನ ಕಷ್ಟವನ್ನು ಒಪ್ಪಿತು, ಪರಿಹಾರ ಮಾತ್ರ ಕೊಡಲಿಲ್ಲ. ಲಿಂಟಲ್ ಮುರಿದಿಲ್ಲ, ಕಿಟಕಿ ಕೆಟ್ಟಿಲ್ಲ. ಕೆಡದಿದ್ದನ್ನು ರಿಪೇರಿ ಮಾಡು ಎನ್ನುವುದು ಹೇಗೆ ಎಂಬುದು ತೀರ್ಪಿನ ತಿರುಳು. ಮನೆಯನ್ನು ಮೊದಲೇ ಕೆಟ್ಟದಾಗಿ ಕಟ್ಟಿದವರಿಗೆ ಇದಕ್ಕಿಂತ ದೊಡ್ಡ ಆಸರೆ ಬೇಕಿರಲಿಲ್ಲ. ನಾಲ್ಕು ವರ್ಷಗಳ ನಂತರ ಗ್ಲಾಸ್ಗೋ, ಎಡಿನ್‌ಬರೋ, ಲಂಡನ್‌ಗಳ 597 ಕುಟುಂಬಗಳ ಅಧ್ಯಯನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ತೇವ, ಬೂಷ್ಟಿನ ಮನೆಗಳಲ್ಲಿ ದೊಡ್ಡವರಿಗೂ ಮಕ್ಕಳಿಗೂ ಕಾಯಿಲೆ ಹೆಚ್ಚೆಂದು ಅದು ತೋರಿಸಿತು. ಕಿಟಕಿ ತೆಗೆದಿಡಿ ಎನ್ನುವ ಉಪದೇಶ ಆಗಲೂ ನಿಲ್ಲಲಿಲ್ಲ.

ಅದರ ಬೆಲೆಯನ್ನು ಒಂದು ಮಗು ತೆತ್ತಿತು. ಮ್ಯಾಂಚೆಸ್ಟರ್ ಹತ್ತಿರದ ರಾಚ್‌ಡೇಲ್‌ನಲ್ಲಿ ವಸತಿ ಸಂಸ್ಥೆಯೊಂದರ ಫ್ಲ್ಯಾಟಿನಲ್ಲಿದ್ದ ಸುಡಾನ್ ಮೂಲದ ಕುಟುಂಬದ ಅವಾಬ್ ಇಶಾಕ್, ಎರಡು ವರ್ಷ ತುಂಬಿದ ವಾರಕ್ಕೆ, 2020ರ ಡಿಸೆಂಬರ್‌ನಲ್ಲಿ ಉಸಿರಾಟದ ತೊಂದರೆಯಿಂದ ತೀರಿಕೊಂಡ. ತಂದೆ 2017ರಲ್ಲೇ ಬೂಷ್ಟಿನ ದೂರು ಕೊಟ್ಟಿದ್ದರು. ಮೇಲೆ ಬಣ್ಣ ಬಳಿದುಕೊಳ್ಳಿ ಎಂಬ ಸಲಹೆ ಸಿಕ್ಕಿತ್ತು. ಇವರು ಬಕೆಟ್ಟಿನಲ್ಲಿ ನೀರು ಹಿಡಿದು ಸ್ನಾನ ಮಾಡುವವರು, ಅದರಿಂದಲೇ ತೇವ ಎಂಬ ಊಹೆಯೂ ನಡೆದಿತ್ತು. ನಾವು ನೀವೆಲ್ಲ ದಿನಾ ಮಾಡುವುದು ಅದೇ ಸ್ನಾನ. ಬೂಷ್ಟಿನಲ್ಲಿ ದೀರ್ಘಕಾಲ ಬದುಕಿದ್ದೇ ಸಾವಿಗೆ ಕಾರಣ ಎಂದು 2022ರ ನವೆಂಬರ್‌ನಲ್ಲಿ ಮರಣ ವಿಚಾರಣಾಧಿಕಾರಿ ಜೊಯಾನ್ ಕಿಯರ್ಸ್‌ಲಿ ತೀರ್ಮಾನಿಸಿದರು. ಮನೆಯಲ್ಲಿ ಗಾಳಿಯಾಡುವ ವ್ಯವಸ್ಥೆ ಸಾಲದೆಂದೂ ಹೇಳಿದರು. ಬದುಕುವ ರೀತಿಯ ಬಗ್ಗೆ ಊಹೆ ಮಾಡಿದ್ದು ತಪ್ಪೆಂದು ಸಂಸ್ಥೆ ಆಮೇಲೆ ಒಪ್ಪಿಕೊಂಡಿತು.

ಬಾಡಿಗೆಯ ಮಿತಿಯಿಲ್ಲದೆ ಮನೆ ವಾಸಯೋಗ್ಯವಾಗಿರಬೇಕೆಂಬ ಕಾಯ್ದೆ 2018ರಲ್ಲೇ ಬಂದು ಇಂಗ್ಲೆಂಡಿನಲ್ಲಿ ಜಾರಿಯಾಗಿತ್ತು. ಮಗುವಿನ ಹೆಸರಿನ 'ಅವಾಬ್ಸ್ ಲಾ' ಅದಕ್ಕೆ ಗಡುವು ಸೇರಿಸಿತು. 2025ರ ಅಕ್ಟೋಬರ್ 27ರಿಂದ ಇಂಗ್ಲೆಂಡಿನ ಸಾಮಾಜಿಕ ವಸತಿಯಲ್ಲಿ ಅಪಾಯಕಾರಿ ಬೂಷ್ಟಿನ ದೂರನ್ನು 10 ಕೆಲಸದ ದಿನಗಳೊಳಗೆ ಪರಿಶೀಲಿಸಬೇಕು, ಅಲ್ಲಿಂದ 5 ಕೆಲಸದ ದಿನಗಳಲ್ಲಿ ಅಪಾಯ ನಿವಾರಿಸಬೇಕು. ತುರ್ತಿದ್ದರೆ 24 ಗಂಟೆ.

1885ರ ಆ ವಾಸಯೋಗ್ಯತೆಯ ಮಾತು ಅದೇ ಆಳರಸರ ಕೈಕೆಳಗಿದ್ದ ನಮ್ಮಲ್ಲಿಗೆ ಬರಲಿಲ್ಲ. ಇಲ್ಲಿ ಅವರು ಬಿಟ್ಟುಹೋದದ್ದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಮನೆಯನ್ನು ತೆಗೆದುಕೊಂಡ ಸ್ಥಿತಿಯಲ್ಲೇ ಹಿಂತಿರುಗಿಸುವ ಹೊಣೆಯನ್ನು ಅದರ 108ನೇ ಕಲಂ ಬಾಡಿಗೆದಾರನಿಗೆ ಹೊರಿಸುತ್ತದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಸುಣ್ಣಬಣ್ಣವನ್ನೂ ಗೋಡೆ-ಸೂರಿನ ರಿಪೇರಿಯನ್ನೂ ಮಾಲೀಕನ ಪಾಲಿಗೆ ಬರೆದಿದೆ. ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುವಾಗ ಪೇಂಟಿಂಗ್‌ಗೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ರೂಢಿ ಇನ್ನೂ ಇದೆ. ಪ್ಯಾರಪೆಟ್ಟಿನ ಬಿರುಕು, ಒಡೆದ ಪೈಪು ಹಾಗೇ ಇರುತ್ತವೆ. ಬಂದ ದುಡ್ಡು ಬೂಷ್ಟಿನ ಮೇಲೊಂದು ಕೋಟ್ ಬಣ್ಣವಾಗುತ್ತದೆ, ಮುಂದಿನ ಮಳೆಗಾಲದ ದೂರು ಮುಂದಿನ ಬಾಡಿಗೆದಾರರದ್ದಾಗುತ್ತದೆ.