ಬರ್ಲಿನ್ ಗೋಡೆಯ ಒಂದು ಚಪ್ಪಡಿ
1975ರ ನಂತರದ ಮಾದರಿ · ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್

ಎತ್ತರ 3.6 ಮೀಟರ್, ಅಗಲ 1.2 ಮೀಟರ್, ತೂಕ ಎರಡೂವರೆ ಟನ್‌ಗೂ ಮಿಗಿಲು. ಇಂಥ ಚಪ್ಪಡಿಗಳನ್ನು ಮೊದಲು ರೂಪಿಸಿದ್ದು ಕೃಷಿ ಕೆಲಸಕ್ಕೆ. ಎರಡೂ ಮಗ್ಗುಲು ನೋಡಿ: ಬಣ್ಣ ಬಳಿದದ್ದು ಪಶ್ಚಿಮದ ಕಡೆ. ಪೂರ್ವದ ಕಡೆ ಬೋಳು. ಅಲ್ಲಿ ಗೋಡೆಯ ಹತ್ತಿರ ಸುಳಿಯುವುದೇ ಪ್ರಾಣಕ್ಕೆ ಸಂಚಕಾರವಾಗಿತ್ತು.

1989ರ ನವೆಂಬರ್ 9ರ ಸಂಜೆ ಪೂರ್ವ ಜರ್ಮನಿಯ ಆಡಳಿತ ಪಕ್ಷದ ವಕ್ತಾರ ಗುಂಟರ್ ಶಬೋವ್‌ಸ್ಕಿ, ಪಶ್ಚಿಮಕ್ಕೆ ಹೋಗಲು ಬಿಡುವ ಹೊಸ ಪ್ರಯಾಣ ನಿಯಮ ಓದಿದರು. ಯಾವಾಗಿನಿಂದ ಎಂಬ ಪ್ರಶ್ನೆಗೆ ಕಾಗದ ತಿರುವಿಹಾಕಿ, ತಕ್ಷಣದಿಂದ ಎಂದುಬಿಟ್ಟರು. ಅಸಲಿಗೆ ಅದು ಮರುದಿನದಿಂದ, ಅದೂ ಅರ್ಜಿ ಹಾಕಿದವರಿಗೆ ಮಾತ್ರ. ಜನ ಕಾಯಲಿಲ್ಲ. ನಡುರಾತ್ರಿಗೆ ಮುನ್ನವೇ ಬೋರ್ನ್‌ಹೋಲ್ಮರ್ ರಸ್ತೆಯ ಗಡಿಗೇಟು ತೆರೆಯಿತು.

ಗೋಡೆ ಜನರಿಂದ ಬಿತ್ತು. ಹೊಸ ವ್ಯವಸ್ಥೆ ಮಾತುಕತೆಯ ಮೇಜಿನ ಮೇಲೆ ಸಿದ್ಧವಾಯಿತು. 1990ರ ಸೆಪ್ಟೆಂಬರ್ 12ರಂದು ಎರಡು ಜರ್ಮನಿಗಳೂ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್, ಫ್ರಾನ್ಸ್‌ಗಳೂ ಮಾಸ್ಕೋದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಜರ್ಮನ್ ಸೇನೆಗೆ 3,70,000ದ ಮಿತಿ ಬಿತ್ತು, ಪೋಲೆಂಡ್ ಗಡಿ ಖಾಯಂ ಆಯಿತು. ಅಕ್ಟೋಬರ್ 3ರಂದು ಜರ್ಮನಿ ಒಂದಾಯಿತು.

1991ರ ಜುಲೈನಲ್ಲಿ ಸೋವಿಯತ್ ಬಣದ ಸೇನಾ ಮೈತ್ರಿಯಾದ ವಾರ್ಸಾ ಒಪ್ಪಂದ ಕೂಟ ವಿಸರ್ಜನೆಯಾಯಿತು, ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಎದುರು ಬಣದ ಸೇನಾ ಮೈತ್ರಿಯಾದ ನೇಟೋ ಮಾತ್ರ ಉಳಿಯಿತು, 1999ರಲ್ಲಿ ಪೋಲೆಂಡ್, ಹಂಗರಿ, ಝೆಕ್ ಗಣರಾಜ್ಯಗಳನ್ನು ಸೇರಿಸಿಕೊಂಡಿತು. ಇದು ಸರಿಯೋ ತಪ್ಪೋ ಎಂಬ ಜಗಳ ಇನ್ನೂ ಮುಗಿದಿಲ್ಲ.

ಜರ್ಮನಿ ಒಂದಾದರೆ ಝೆಕೊಸ್ಲೊವಾಕಿಯಾ ಗುಂಡು ಹಾರದೆ ಇಬ್ಭಾಗವಾಯಿತು. ಯುಗೊಸ್ಲಾವಿಯಾಕ್ಕೆ ಆ ಅದೃಷ್ಟವಿರಲಿಲ್ಲ: ಸರಾಯೆವೊ ನಗರದ ಮುತ್ತಿಗೆ 1992ರಿಂದ ಸುಮಾರು ನಾಲ್ಕು ವರ್ಷ ನಡೆಯಿತು. 2004ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿದ ಹತ್ತು ದೇಶಗಳಲ್ಲಿ ಎಂಟು ಹಿಂದೆ ಕಮ್ಯುನಿಸ್ಟ್ ಆಳ್ವಿಕೆಯಲ್ಲಿದ್ದವು.