ಮಾತಿನಾಚೆಯ ಷೇಕ್ಸ್‌ಪಿಯರ್

ಲಂಡನ್ನಿನ ರಂಗಭೂಮಿಯಲ್ಲಿ ಅಗ್ರಗಣ್ಯನಾಗಿದ್ದ ಹರ್ಬರ್ಟ್ ಬೀರ್‌ಬೋಮ್ ಟ್ರೀ ಎಂಬ ನಟನು ತಾನು ಆಡುತ್ತಿದ್ದ ‘ಕಿಂಗ್ ಜಾನ್’ ನಾಟಕದ ಕೆಲವು ದೃಶ್ಯಗಳನ್ನು 1899ರಲ್ಲಿ ಚಲಚ್ಚಿತ್ರಯಂತ್ರದ ಮುಂದೆ ಅಭಿನಯಿಸಿದುದರಿಂದ ತೆರೆಯ ಮೇಲಣ ಷೇಕ್ಸ್‌ಪಿಯರನ ಚರಿತ್ರೆ ಮೊದಲಾಗುತ್ತದೆ. ವಿಷವೇರಿದ ದೊರೆ ಪೀಠದಲ್ಲಿ ಕುಳಿತು ಮರಣಸಂಕಟದಿಂದ ತೊಳಲಾಡುವ ತುಣುಕು ಇಂದಿಗೂ ಉಳಿದಿದೆ. ಅವನ ಮಾತು ಮಾತ್ರ ಕೇಳಿಸದು. ಮಾತನ್ನೇ ಉಸಿರಾಗಿಸಿಕೊಂಡಿದ್ದ ಕವಿಯು ಮಾತೇ ಇಲ್ಲದ ಮಾಧ್ಯಮವನ್ನು ಪ್ರವೇಶಿಸಿದ ಈ ಸಂಗತಿಯನ್ನು ಬರಿಯ ಕುತೂಹಲದ ವಿಷಯವೆಂದು ಬದಿಗಿಡಲು ನನಗೆ ಮನಸ್ಸು ಬಾರದು. ಪದ್ಯವನ್ನು ಕಳೆದ ಮೇಲೆ ಆ ನಾಟಕಗಳಲ್ಲಿ ಉಳಿಯುವುದೇನು, ಉಳಿದುದನ್ನು ಹೊರಬಲ್ಲುದು ಯಾವುದು ಎಂಬ ಪ್ರಶ್ನೆ ಅಲ್ಲಿಯೇ ಹುಟ್ಟಿತು.

ಮೂಕಿಚಿತ್ರಗಳ ಕಾಲದಲ್ಲಿ ಇದಕ್ಕೆ ದೊರೆತ ದಿಟ್ಟವಾದ ಉತ್ತರ ಜರ್ಮನಿಯದು. 1921ರ ‘ಹ್ಯಾಮ್ಲೆಟ್’ ಚಿತ್ರದಲ್ಲಿ ಡೆನ್ಮಾರ್ಕಿನ ಮಹಾನಟಿ ಆಸ್ಟ ನೀಲ್ಸನ್ ನಾಯಕಪಾತ್ರವನ್ನು ವಹಿಸಿದರು. ಗಂಡುವೇಷ ತೊಟ್ಟ ನಟಿಯಾಗಿ ಅಲ್ಲ, ಸಿಂಹಾಸನಕ್ಕೆ ವಾರಸುದಾರ ಬೇಕೆಂಬ ಕಾರಣದಿಂದ ಹುಟ್ಟಿದಂದಿನಿಂದಲೂ ಗಂಡೆಂದೇ ಬೆಳೆಸಲ್ಪಟ್ಟ ರಾಜಕುಮಾರಿಯಾಗಿ. ಎಡ್ವರ್ಡ್ ವೈನಿಂಗ್ ಎಂಬ ಅಮೆರಿಕದ ಲೇಖಕನು 1881ರಲ್ಲಿ ಮಂಡಿಸಿದ್ದ ವಾದ ಇದಕ್ಕೆ ಆಧಾರ. ವಿಮರ್ಶೆಯ ಮುಂದೆ ಆ ವಾದ ನಿಲ್ಲಲಾರದು. ಆದರೆ ಗೆಳೆಯ ಹೊರೇಷಿಯೋನನ್ನು ಪ್ರೀತಿಸಿಯೂ ಹೇಳಿಕೊಳ್ಳಲಾರದ ಆ ಮುಖದಲ್ಲಿ, ಮೂಲದ ಸ್ವಗತಗಳು ನೂರು ಪಂಕ್ತಿಗಳಲ್ಲಿ ತೋಡಿಕೊಳ್ಳುವ ಒಂಟಿತನವು ಒಂದು ಶಬ್ದದ ನೆರವೂ ಇಲ್ಲದೆ ವ್ಯಕ್ತವಾಗುತ್ತದೆ.

ವಾಕ್ಚಿತ್ರ ಬಂದೊಡನೆ ಈ ಪಾಠ ಮರೆತುಹೋಯಿತು. 1935ರಲ್ಲಿ ಸೊಹ್ರಾಬ್ ಮೋದಿಯವರು ಹ್ಯಾಮ್ಲೆಟ್‌ನ ಉರ್ದು ರೂಪವನ್ನು ‘ಖೂನ್ ಕಾ ಖೂನ್’ ಎಂದು ತೆರೆಗೆ ತಂದಾಗ ಪಾರಸಿ ರಂಗಭೂಮಿಯ ವಾಗ್ವೈಭವವೇ ಅದರ ಬಂಡವಾಳವಾಗಿದ್ದಿತು. ಯುದ್ಧಕಾಲದ ಇಂಗ್ಲೆಂಡಿಗೆ ಧೈರ್ಯ ತುಂಬಿದ ಲಾರೆನ್ಸ್ ಒಲಿವಿಯರ್ ಅವರ ‘ಐದನೆಯ ಹೆನ್ರಿ’ಯಾಗಲಿ (1944), ಆಸ್ಕರ್ ಪಡೆದ ಅವರ ‘ಹ್ಯಾಮ್ಲೆಟ್’ ಆಗಲಿ (1948) ಎಷ್ಟೇ ಸುಂದರವಾಗಿದ್ದರೂ ಕಿವಿಯನ್ನೇ ಮುಖ್ಯವಾಗಿ ನಂಬಿದ ಕೃತಿಗಳು.

ಆ ಮರೆತ ಪಾಠವನ್ನು ಮತ್ತೆ ಕಂಡುಕೊಂಡವರು ಜಪಾನಿನ ಅಕಿರ ಕುರೊಸಾವ. 1957ರಲ್ಲಿ ಅವರು ಮ್ಯಾಕ್‌ಬೆತ್ ನಾಟಕವನ್ನು ಅಂತಃಕಲಹಗಳಿಂದ ಜರ್ಜರಿತವಾಗಿದ್ದ ಮಧ್ಯಯುಗದ ಜಪಾನಿಗೆ ಒಯ್ದು, ‘ಜೇಡರಬಲೆಯ ಕೋಟೆ’ ಎಂಬರ್ಥದ ಹೆಸರಿನಿಂದ ನಿರ್ಮಿಸಿದಾಗ, ಮೂಲದ ಪದ್ಯವನ್ನು ಅನುವಾದಿಸುವ ಯತ್ನವನ್ನೇ ಕೈಬಿಟ್ಟು, ಆ ಪದ್ಯದ ಸ್ಥಾನದಲ್ಲಿ ತಮ್ಮ ನಾಡಿನ ನೋ ನಾಟಕದ ಮೌನವನ್ನೂ ಹೆಜ್ಜೆಯನ್ನೂ ಮುಖವಾಡವನ್ನೂ ಪ್ರತಿಷ್ಠಾಪಿಸಿದರು. ಮೂವರು ಮಾಟಗಾತಿಯರಿಗೆ ಬದಲಾಗಿ ಅಡವಿಯ ಗುಡಿಸಲಿನಲ್ಲಿ ರಾಟೆ ತಿರುಗಿಸುತ್ತ ಕುಳಿತ ಒಂದೇ ಒಂದು ಪ್ರೇತವಿದೆ. ಲೇಡಿ ಮ್ಯಾಕ್‌ಬೆತ್‌ಳಿಗೆ ಸಮನಾದ ಅಸಾಜಿಯ ಪಾತ್ರದಲ್ಲಿ ಇಸುಜು ಯಮಾದ ಅವರ ಮುಖ ಮುಖವಾಡದಂತೆ ನಿಶ್ಚಲ. ಕಾವಲಿನವರಿಗೆ ಕುಡಿಸುವ ಮದ್ಯವನ್ನು ತರಲು ಆಕೆ ಕತ್ತಲೆಯ ಬಾಗಿಲೊಳಗೆ ಕರಗಿ, ಕ್ಷಣಕಾಲದ ಮೇಲೆ ಪಾತ್ರೆಯನ್ನು ಹಿಡಿದು ಅದೇ ಕತ್ತಲೆಯಿಂದ ಮೂಡಿಬರುವಾಗ, ಕೇಳಿಸುವುದು ಆಕೆಯ ರೇಷ್ಮೆಯುಡುಗೆಯ ಸರಸರ ಸದ್ದೊಂದೇ. ಪಾಪಸಂಕಲ್ಪವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಸಂಭಾಷಣೆಯೂ ಹೇಳಲಾರದೆಂದು ನಾನು ದೃಢವಾಗಿ ನಂಬಿದ್ದೇನೆ. ಕೊನೆಗೆ ತೊಶಿರೊ ಮಿಫುನೆ ಅಭಿನಯಿಸಿದ ನಾಯಕನನ್ನು ಕೊಲ್ಲುವುದು ಶತ್ರುವಿನ ಖಡ್ಗವಲ್ಲ, ಅವನ ಸೈನಿಕರದೇ ಬಾಣಗಳ ಮಳೆ. ಒಡೆಯನನ್ನು ಕೊಂದು ಮೇಲೇರಿದವನಿಗೆ ತನ್ನವರ ಕೈಯಿಂದಲೇ ಬರುವ ಈ ಮರಣದಲ್ಲಿ ಮೂಲವನ್ನು ಮೀರಿದ ನ್ಯಾಯವೊಂದಿದೆ.

ಸೋವಿಯೆತ್ ರಷ್ಯದ ಗ್ರಿಗೋರಿ ಕೋಜಿಂತ್ಸೆವ್ ಅವರ ದಾರಿ ಬೇರೆ. ಬೊರಿಸ್ ಪಾಸ್ಟರ್ನಾಕರ ಅನುವಾದ, ಶೊಸ್ತಕೋವಿಚ್‌ರ ಸಂಗೀತ, ಸಮುದ್ರ, ಕಲ್ಲು, ಕಬ್ಬಿಣ, ಬೆಂಕಿ — ಇವುಗಳಿಂದ ಅವರು 1964ರಲ್ಲಿ ಕಟ್ಟಿದ ‘ಹ್ಯಾಮ್ಲೆಟ್’ನಲ್ಲಿ ಇಡೀ ಡೆನ್ಮಾರ್ಕ್ ಸೆರೆಮನೆಯಾಗಿದೆ, ತಂದೆಯ ಸಾವಿನ ಶೋಕಕ್ಕೆಂದು ಒಫೀಲಿಯಾಳ ಎಳೆಯ ಮೈಗೆ ದಾಸಿಯರು ಕಬ್ಬಿಣದ ಪಂಜರದಂಥ ಒಳಗವಚವನ್ನು ಬಿಗಿಯುವ ದೃಶ್ಯವನ್ನು ಕಂಡವರಿಗೆ ಅವಳ ಹುಚ್ಚಿಗೆ ಬೇರೆ ಕಾರಣ ಬೇಕಾಗುವುದಿಲ್ಲ. 1971ರಲ್ಲಿ ತೆರೆಕಂಡ ಅವರ ‘ಲಿಯರ್’ ಚಿತ್ರದಲ್ಲಿ ಎಸ್ಟೋನಿಯದ ನಟ ಯೂರಿ ಯಾರ್ವೆಟ್ ಅವರ ಕೃಶವಾದ ಮುದುಕ ದೊರೆ ದಿಕ್ಕುಗೆಟ್ಟ ಭಿಕ್ಷುಕರ ಸಮೂಹದಲ್ಲಿ ಒಬ್ಬನಾಗಿಬಿಡುತ್ತಾನೆ.

ಇದೇ ನಾಟಕವನ್ನು ಕುರೊಸಾವ 1985ರಲ್ಲಿ ‘ರಾನ್’ ಎಂದು ಪುನಃಸೃಷ್ಟಿಸಿದರು. ಹೆಣ್ಣುಮಕ್ಕಳ ಎಡೆಯಲ್ಲಿ ಗಂಡುಮಕ್ಕಳು ಬಂದುದನ್ನು ಎಲ್ಲರೂ ಗಮನಿಸುತ್ತಾರೆ. ಅದಕ್ಕಿಂತ ಗಹನವಾದ ಬದಲಾವಣೆಯೆಂದರೆ, ಷೇಕ್ಸ್‌ಪಿಯರನು ಲಿಯರ್‌ಗೆ ಕೊಡದಿದ್ದ ಪೂರ್ವಚರಿತ್ರೆಯನ್ನು ಕುರೊಸಾವ ತಮ್ಮ ಹಿದೆತೋರನಿಗೆ ಕೊಟ್ಟದ್ದು. ಆತ ಗೆದ್ದ ಕೋಟೆಗಳಲ್ಲಿ ಸತ್ತವರ ಮಗಳು ಸೊಸೆಯಾಗಿ ಮನೆಯೊಳಗೇ ಹಗೆ ಸಾಧಿಸುತ್ತಾಳೆ. ಆತ ಕಣ್ಣು ಕೀಳಿಸಿದ ಬಾಲಕನು ಬೆಳೆದು, ಬಿರುಗಾಳಿಯ ರಾತ್ರಿ ಅವನಿಗೇ ಆಶ್ರಯ ನೀಡುತ್ತಾನೆ. ತಾನು ಗೈದ ಪಾಪಕ್ಕಿಂತ ತನಗಾದ ಅನ್ಯಾಯವೇ ಹೆಚ್ಚೆನ್ನುವ ಲಿಯರನ ದೂರಿಗೆ ಇಲ್ಲಿ ಎಡೆಯೇ ಇಲ್ಲ. ಕರ್ಮಫಲದ ಎಣಿಕೆಯಲ್ಲಿ ಬೆಳೆದ ನಮಗೆ ಈ ತಿದ್ದುಪಡಿ ಸಹಜವೆನಿಸುತ್ತದೆ.

ಭಾರತದಲ್ಲಿ ಇಂಥ ಆಳವಾದ ರೂಪಾಂತರ ಕೈಗೂಡಿದುದು ತಡವಾಗಿ. ಜಯರಾಜ್ ಅವರ ಮಲಯಾಳಂ ಚಿತ್ರ ‘ಕಳಿಯಾಟ್ಟಂ’ (1997) ಒಥೆಲೋನನ್ನು ಉತ್ತರ ಕೇರಳದ ತೆಯ್ಯಂ ಕಲಾವಿದನನ್ನಾಗಿ ಮಾಡಿತು. ವೇಷ ಧರಿಸಿದಾಗ ದೇವರೆಂದು ಪೂಜಿಸಲ್ಪಟ್ಟು, ವೇಷ ಕಳಚಿದೊಡನೆ ಕೀಳುಜಾತಿಯವನಾಗಿಬಿಡುವ ಮನುಷ್ಯನ ಅಂತರಂಗದಲ್ಲಿ ಸಂಶಯವು ಹೇಗೆ ಬೇರೂರುವುದೆಂಬುದನ್ನು ತಿಳಿಸಲು ಆ ನಾಡಿನವರಿಗೆ ವಿವರಣೆಯ ಅಗತ್ಯವಿರಲಿಲ್ಲ. ವಿಶಾಲ್ ಭಾರದ್ವಾಜ್ ಅವರ ‘ಮಕ್‌ಬೂಲ್’ (2003) ಮುಂಬಯಿಯ ಭೂಗತ ಲೋಕದ ಕಥೆ. ಮಾಟಗಾತಿಯರು ಅಲ್ಲಿ ಜಾತಕದ ಕುಂಡಲಿ ಬರೆಯುತ್ತ ಭವಿಷ್ಯ ನುಡಿಯುವ ಇಬ್ಬರು ಪೋಲೀಸರು. ಅವರದೇ ‘ಓಂಕಾರ’ದಲ್ಲಿ (2006) ಒಥೆಲೋ ನಾಟಕದ ಕರವಸ್ತ್ರ ಸೊಂಟದ ಡಾಬಾಯಿತು. ಹ್ಯಾಮ್ಲೆಟ್‌ನ ಕಥೆಯನ್ನು 1995ರ ಕಾಶ್ಮೀರದಲ್ಲಿ ನಡೆಸುವ ಅವರ ‘ಹೈದರ್’ (2014) ಇವುಗಳಲ್ಲಿ ಅತ್ಯಂತ ಧೀರವಾದುದೆಂದು ನನ್ನ ಅಭಿಮತ. ಏಕೆಂದರೆ ಪ್ರತೀಕಾರದ ನಾಟಕವೆಂದೇ ಪ್ರಸಿದ್ಧವಾದ ಕೃತಿಯ ನಾಯಕನು ಇಲ್ಲಿ ಕಟ್ಟಕಡೆಗೆ, ಕಾಲು ಕಳೆದುಕೊಂಡು ಬಿದ್ದಿರುವ ಚಿಕ್ಕಪ್ಪನನ್ನು ಕೊಲ್ಲದೆ ಬಿಡುತ್ತಾನೆ.

ಕನ್ನಡದಲ್ಲಿ ಷೇಕ್ಸ್‌ಪಿಯರನನ್ನು ಮೊದಲು ಬರಮಾಡಿಕೊಂಡುದು ರಂಗಭೂಮಿ: ಬಸವಪ್ಪಶಾಸ್ತ್ರಿಗಳ ‘ಶೂರಸೇನ ಚರಿತ್ರೆ’ ಒಥೆಲೋನ ಕಥೆ, ಶ್ರೀಕಂಠೇಶಗೌಡರ ‘ಪ್ರತಾಪರುದ್ರದೇವ’ ಮ್ಯಾಕ್‌ಬೆತ್‌ನ ಕಥೆ. ಎನ್. ಎಸ್. ಶಂಕರ್ ಅವರ ‘ಉಲ್ಟಾ ಪಲ್ಟಾ’ (1997) ಅವಳಿಜವಳಿಗಳ ಪ್ರಹಸನವನ್ನು ಲೀಲಾಜಾಲವಾಗಿ ತೆರೆಗೆ ತಂದಿತಾದರೂ, ಹಾಸ್ಯಕ್ಕೆ ದೊರೆತ ಆದರ ನಮ್ಮ ಚಿತ್ರರಂಗದಲ್ಲಿ ಈ ಕವಿಯ ದುರಂತಗಳಿಗೆ ದೊರೆತಂತಿಲ್ಲ. ಹ್ಯಾಮ್ಲೆಟ್‌ನ ಕಥೆಯನ್ನು ಬಿದನೂರಿನ ಅರಮನೆಗೆ ತಂದು, ಒಫೀಲಿಯಾಳ ಸ್ಥಾನದ ರುದ್ರಾಂಬೆಯನ್ನೇ ಪ್ರತೀಕಾರಮೂರ್ತಿಯಾಗಿಸಿದ ಕುವೆಂಪು ಅವರ ‘ರಕ್ತಾಕ್ಷಿ’ ನಮ್ಮ ಬಳಿ ಇದೆ. ಕುರೊಸಾವರಿಗೆ ನೋ ಒದಗಿದಂತೆ ಈ ಕಥೆಗೆ ಒದಗಬಲ್ಲ ಯಕ್ಷಗಾನವೂ ಅದೇ ಮಲೆನಾಡಿನಲ್ಲಿ ಇಂದಿಗೂ ರಾತ್ರಿಯಿಡೀ ನಡೆಯುತ್ತಿದೆ.