ತಾಜ್ ಹೋಟೆಲಿನ ಎರಡು ದಂತಕಥೆಗಳು

ಅರಸನ ದಾನವನ್ನು ಕಲ್ಲು ಹೇಳುತ್ತದೆ. ಕವಿಯ ಕೃತಿಯನ್ನು ಓಲೆಗರಿ ಕಾಪಾಡುತ್ತದೆ. ಆದರೆ ದಾರಿಹೋಕನಿಗೆ ಅನ್ನವಿಕ್ಕಿ ಹಾಸಿಗೆ ಹಾಸಿಕೊಟ್ಟವನ ನೆನಪಿಗೆ ಆಧಾರವೇನು? ಉಂಡ ಎಲೆ ಬೆಳಗಾಗುವುದರೊಳಗೆ ತಿಪ್ಪೆ ಸೇರುತ್ತದೆ. ಅತಿಥಿ ಊರು ಬಿಡುತ್ತಾನೆ. ತುಂಬಿದ ಲೆಕ್ಕದ ಪುಸ್ತಕ ರದ್ದಿಗೆ ಹೋಗುತ್ತದೆ. ಹೀಗೆ ಬರಿದಾದ ಜಾಗವನ್ನು ಕಥೆಗಳು ತುಂಬಿಕೊಳ್ಳುತ್ತವೆ. ಹೋಟೆಲ್ ಉದ್ಯಮದ ಮೊದಲಿಗರನ್ನು ಗೌರವಿಸಲು ಹೊರಟ ವಸ್ತುಸಂಗ್ರಹಾಲಯಗಳಿಗೂ ಪತ್ರಾಗಾರಗಳಿಗೂ ಎದುರಾಗುವ ತೊಡಕು ಇದು. ಮುಂಬಯಿಯ ತಾಜ್‌ಮಹಲ್ ಹೋಟೆಲನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ವಿಚಾರಿಸಬಹುದು.

ಮೊದಲನೆಯ ದಂತಕಥೆ ಎಲ್ಲರೂ ಬಲ್ಲದ್ದು. ಮುಂಬಯಿಯಲ್ಲಿ ಆಗ ವಾಟ್ಸನ್ ಹೋಟೆಲೆಂಬ ಹೆಸರಾಂತ ವಸತಿಗೃಹವಿತ್ತು. ಇಂಗ್ಲೆಂಡಿನಿಂದ ಕಬ್ಬಿಣದ ಚೌಕಟ್ಟನ್ನು ಹಡಗಿನಲ್ಲಿ ತಂದು ನಿಲ್ಲಿಸಿದ ಕಟ್ಟಡವದು. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲನಚಿತ್ರಗಳು ಭಾರತದಲ್ಲಿ ಮೊದಲು ಪ್ರದರ್ಶನಗೊಂಡದ್ದೂ ಅಲ್ಲಿಯೇ. ಆ ಹೋಟೆಲು ಯುರೋಪಿಯನ್ನರಿಗೆ ಮೀಸಲಾಗಿತ್ತು, ಜಮ್‌ಶೆಟ್‌ಜಿ ಟಾಟಾ ಅವರನ್ನು ಬಾಗಿಲಲ್ಲಿಯೇ ತಡೆದರು, ಆ ಅವಮಾನಕ್ಕೆ ಉತ್ತರವಾಗಿ ಅವರು ತಾಜ್ ಕಟ್ಟಿಸಿದರು ಎಂಬುದು ಕಥೆ.

ಕೇಳುವುದಕ್ಕೆ ಇದು ಹಿತವಾಗಿದೆ. ಆ ಕಾಲದ ವರ್ಣಭೇದವೇನೂ ಕಟ್ಟುಕಥೆಯಲ್ಲ. ಆದರೆ ನಡೆಯಬಹುದಾಗಿದ್ದುದೆಲ್ಲ ನಡೆದದ್ದಾಗುವುದಿಲ್ಲ. ಶಾರದಾ ದ್ವಿವೇದಿಯವರೊಡನೆ ತಾಜ್ ಹೋಟೆಲಿನ ಚರಿತ್ರೆಯನ್ನು ಬರೆದ ಚಾರ್ಲ್ಸ್ ಆಲನ್ ಈ ಕಥೆಯನ್ನು ಸಂಶಯದಿಂದಲೇ ಕಂಡಿದ್ದಾರೆ. ಖಚಿತವಾಗಿ ತಿಳಿದಿರುವ ಸಂಗತಿಗಳು ಬೇರೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಡಿದು ನಗರದ ಹೆಸರು ಕೆಟ್ಟಿತ್ತು. ಜನ ಊರು ಬಿಟ್ಟು ಹೋಗುತ್ತಿದ್ದ ಆ ದಶಕದಲ್ಲಿಯೇ ಜಮ್‌ಶೆಟ್‌ಜಿಯವರು ಹೊರಗಿನವರನ್ನು ಊರಿಗೆ ಕರೆಯುವ ಮನೆಯೊಂದಕ್ಕೆ ಅಡಿಪಾಯ ಹಾಕಿಸಿದರು; ಜರ್ಮನಿಯಿಂದ ವಿದ್ಯುತ್ ಯಂತ್ರಗಳನ್ನೂ ಪ್ಯಾರಿಸ್ಸಿನಿಂದ ಉಕ್ಕಿನ ಕಂಬಗಳನ್ನೂ ತರಿಸಿದರು. 1903ರ ಡಿಸೆಂಬರ್ 16ರಂದು ಹೋಟೆಲು ಬಾಗಿಲು ತೆರೆಯಿತು. 1904ರ ಮೇ 19ರಂದು ಅವರು ತೀರಿಕೊಂಡರು. ಈ ಧೈರ್ಯವನ್ನು ಕೇವಲ ಒಂದು ಸೇಡಿನ ಕಥೆಗೆ ಇಳಿಸಿದರೆ ಅವರ ಹಿರಿಮೆ ಕುಗ್ಗುತ್ತದೆಯೇ ಹೊರತು ಹೆಚ್ಚುವುದಿಲ್ಲ.

ಎರಡನೆಯ ದಂತಕಥೆ ಇನ್ನಷ್ಟು ನಿಷ್ಠುರವಾದದ್ದು. ಹೋಟೆಲಿನ ಮೂಲ ಬಾಗಿಲು ಊರಿನ ಕಡೆಗಿತ್ತು, ಸಮುದ್ರದ ಕಡೆಗಲ್ಲ. ಇದನ್ನು ಕಂಡ ಯಾರೋ, ಶಿಲ್ಪಿ ನಕ್ಷೆ ಕಳಿಸಿ ಊರಿಗೆ ಹೋಗಿದ್ದನಂತೆ, ಮರಳಿ ಬಂದು ನೋಡಿದರೆ ಕಟ್ಟಡವನ್ನು ಹಿಂದುಮುಂದಾಗಿ ಕಟ್ಟಿದ್ದರಂತೆ, ನೊಂದ ಅವನು ಪ್ರಾಣ ಕಳೆದುಕೊಂಡನಂತೆ ಎಂದು ಹೆಣೆದರು. ವಾಸ್ತವವಾಗಿ ಮೊದಲ ನಕ್ಷೆ ರಾವ್‌ಸಾಹೇಬ್ ಸೀತಾರಾಮ್ ಖಂಡೇರಾವ್ ವೈದ್ಯ ಅವರದು, ಜೊತೆಗಿದ್ದವರು ಡಿ. ಎನ್. ಮಿರ್ಜಾ. ವಿಕ್ಟೋರಿಯಾ ಟರ್ಮಿನಸ್ ಕಟ್ಟುವಾಗ ಎಫ್. ಡಬ್ಲ್ಯು. ಸ್ಟೀವನ್ಸರ ಸಹಾಯಕರಾಗಿ ದುಡಿದವರು ವೈದ್ಯ. ಹೋಟೆಲು ಮುಗಿಯುವ ಮುನ್ನವೇ ಅವರು ತೀರಿಕೊಂಡದ್ದರಿಂದ ಡಬ್ಲ್ಯು. ಎ. ಚೇಂಬರ್ಸ್ ಕೆಲಸವನ್ನು ಪೂರೈಸಿದರು. ಮುಗಿಯದ ಕಟ್ಟಡವನ್ನು ಬಿಟ್ಟು ಹೋದವರು, ಮುಗಿದ ಕಟ್ಟಡವನ್ನು ಕಂಡು ಪ್ರಾಣ ಬಿಡುವುದು ಹೇಗೆ? ಸಾರೋಟುಗಳು ಬರುತ್ತಿದ್ದ ಕಡೆಗೆ ಬಾಗಿಲಿಟ್ಟುದರಲ್ಲಿ ವಿಚಿತ್ರವೇನಿದೆ? ಗೇಟ್‌ವೇ ಆಫ್ ಇಂಡಿಯಾ ಮುಗಿದದ್ದೇ 1924ರಲ್ಲಿ. ಭಾರತೀಯ ಇಂಜಿನಿಯರೊಬ್ಬರು ಇಂಥ ಕಟ್ಟಡವನ್ನು ಕಲ್ಪಿಸಿದ್ದು ಹೆಮ್ಮೆಯ ಸಂಗತಿ. ದಂತಕಥೆ ಅವರ ಹೆಸರನ್ನು ಅಳಿಸಿ, ಬುದ್ಧಿಗೇಡಿತನವೊಂದನ್ನು ಮಾತ್ರ ಉಳಿಸಿತು. ಸತ್ತವರಿಗೆ ಇದಕ್ಕಿಂತ ದೊಡ್ಡ ಅನ್ಯಾಯವುಂಟೆ?

ಹಾಗಾದರೆ ಸಂಗ್ರಹಾಲಯಗಳು ದಂತಕಥೆಗಳನ್ನು ಹೊರಗೆ ಎಸೆಯಬೇಕೆ? ಬೇಡ. ನಮ್ಮ ಶಾಸನ ಸಂಪಾದಕರ ಕ್ರಮವನ್ನು ಅನುಸರಿಸಿದರೆ ಸಾಕು. ಕಲ್ಲಿನಲ್ಲಿ ಅಕ್ಷರ ಮುಕ್ಕಾಗಿದ್ದರೆ ಅವರು ಊಹಿಸಿ ತುಂಬುತ್ತಾರೆ, ಆದರೆ ಊಹೆಯನ್ನು ಕಂಸದೊಳಗೆ ಇಡುತ್ತಾರೆ. ಕಲ್ಲಿನಲ್ಲಿದ್ದುದೆಷ್ಟು, ತಮ್ಮದೆಷ್ಟು ಎಂಬುದನ್ನು ಓದುಗನಿಗೆ ಮರೆಮಾಚುವುದಿಲ್ಲ. ಪುಣೆಯಲ್ಲಿ 1991ರಲ್ಲಿ ಟಾಟಾ ಸಂಸ್ಥೆಗಳ ಕೇಂದ್ರ ಪತ್ರಾಗಾರ ಸ್ಥಾಪನೆಯಾಯಿತು. ಅಂಥ ಪತ್ರಾಗಾರಗಳ ಬೆಲೆ ಇರುವುದು ಇಲ್ಲಿಯೇ: ಕಂಸವನ್ನು ಎಲ್ಲಿ ಹಾಕಬೇಕು, ಎಲ್ಲಿ ತೆಗೆಯಬಹುದು ಎಂಬುದನ್ನು ಕಾಗದವೇ ಹೇಳಬೇಕು.

ಈ ಮಾತು ನಮ್ಮ ಮನೆಬಾಗಿಲಿಗೂ ಬರುತ್ತದೆ. ಉಡುಪಿಯ ಕಡೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಫಲಾಹಾರ ಮಂದಿರ ತೆರೆದರು. ಅದೇ ಇಂದಿನ ಮಾವಳ್ಳಿ ಟಿಫಿನ್ ರೂಮ್ಸ್. ಎರಡನೆಯ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ರವೆ ಇಡ್ಲಿ ಅಲ್ಲಿಯೇ ಹುಟ್ಟಿತೆಂದು ಆ ಮನೆತನದ ಹೇಳಿಕೆ. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಅಕ್ಕಿ ಬರುವುದು ನಿಂತದ್ದು ಚರಿತ್ರೆ, ಅಭಾವಕ್ಕೆ ದಾಖಲೆಯುಂಟು. ಮೊದಲ ತಟ್ಟೆಯನ್ನು ಹಬೆಗಿಟ್ಟವರು ಯಾರೆಂಬುದು ಮನೆಯವರ ನೆನಪು. ಎರಡನ್ನೂ ಗೋಡೆಯ ಮೇಲೆ ಬರೆಯಲಿ. ಆದರೆ ಒಂದೇ ವಾಕ್ಯದಲ್ಲಿ ಬೆರೆಸದಿರಲಿ.

ಹಾಗೆಯೇ ಅಹಿತವಾದುದನ್ನು ಒರಸಿಹಾಕುವುದೂ ಗೌರವವಲ್ಲ. ಆ ಸಂಸ್ಥೆಯ ಮೊದಲ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. 1960ರಲ್ಲಿ ಇಂದಿನ ಹೆಸರು ಬಂದಿತು. ಜಾತಿಯ ಹೆಸರು ಹೊತ್ತ ಹಲಗೆಗಳು ಆ ಕಾಲದ ದಕ್ಷಿಣ ಭಾರತದಲ್ಲಿ ಸಾಮಾನ್ಯವಾಗಿದ್ದವು. ಉಪಾಹಾರ ಗೃಹಗಳಲ್ಲಿ ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು 1950ರ ಸಂವಿಧಾನ ತನ್ನ 15ನೆಯ ವಿಧಿಯಲ್ಲಿ ಬರೆಯಬೇಕಾಯಿತು ಎಂಬುದನ್ನು ನೆನೆದರೆ, ಒಂದು ಹಳೆಯ ಹಲಗೆ ಎಷ್ಟು ದೊಡ್ಡ ಪಾಠವೆಂಬುದು ತಿಳಿಯುತ್ತದೆ. ವಾಟ್ಸನ್ ಹೋಟೆಲಿನ ಬಾಗಿಲನ್ನು ತೋರಿಸುವವರು ನಮ್ಮ ಬಾಗಿಲುಗಳನ್ನೂ ತೋರಿಸಬೇಕು.

ಇನ್ನು, ಮೊದಲಿಗರೆಂದರೆ ಮಾಲೀಕರು ಮಾತ್ರವೆ? ಗಲ್ಲಾಪೆಟ್ಟಿಗೆಯ ಮೇಲಿನ ಪಟಕ್ಕೆ ಹಾರವುಂಟು. ಹಿಟ್ಟು ರುಬ್ಬಿದವರ, ಲೋಟ ತೊಳೆದ ಹುಡುಗರ ಹೆಸರು ಎಲ್ಲಿಯೂ ಇಲ್ಲ. 2008ರ ನವೆಂಬರಿನ ದಾಳಿಯಲ್ಲಿ ತಾಜ್ ಹೋಟೆಲಿನಲ್ಲಿ ಮಡಿದ 31 ಮಂದಿಯ ಹೆಸರುಗಳನ್ನು ಅಲ್ಲಿಯ ಸ್ಮಾರಕದಲ್ಲಿ ಬರೆದಿದ್ದಾರೆ. ಅತಿಥಿಗಳೊಡನೆ ಸಿಬ್ಬಂದಿಯ ಹೆಸರುಗಳೂ ಇವೆ. ಇಷ್ಟು ನ್ಯಾಯಕ್ಕೆ ಮೃತ್ಯುವೇ ಬರಬೇಕಾಗಿರಲಿಲ್ಲ. ಹಳೆಯ ಸಂಬಳದ ಪಟ್ಟಿಯೊಂದನ್ನು ರದ್ದಿಗೆ ಹಾಕದೆ ಉಳಿಸಿದ್ದರೂ ಬದುಕಿದ್ದಾಗ ದುಡಿದವರ ಹೆಸರುಗಳು ಸಿಗುತ್ತಿದ್ದವು.

ಕನ್ನಡದಲ್ಲಿ 'ಕಟ್ಟಿಸಿದರು' ಎಂಬ ಮಾತಿಗೂ 'ಕಟ್ಟಿಸಿದರಂತೆ' ಎಂಬ ಮಾತಿಗೂ ಇರುವ ಅಂತರವನ್ನು ಶಾಲೆಯ ಮಗುವೂ ಬಲ್ಲುದು. ಸಂಗ್ರಹಾಲಯದ ಗೋಡೆಯ ಮೇಲೆ ಬರೆಯುವವರು ಆ ಅಂತರವನ್ನು ಕಾಪಾಡಿದರೆ, ನಮಗೆ ಉಣಬಡಿಸಿದವರ ಋಣದಲ್ಲಿ ಒಂದಂಶವಾದರೂ ತೀರೀತು.